ಯೇತಿ ಕೈ ಬೀಸಲ್ಲ, ಟಿಕೆಟ್ ಮಾತ್ರ ಏರುತ್ತಿದೆ: ಡಿಸ್ನಿ ವರ್ಲ್ಡ್ ಮೊದಲಿನ ಹಾಗೆ ಉಳಿದಿದೆಯಾ?

ಟಾಂಪಾ ರಾಗಿಮುದ್ದೆ

ಫ್ಲಾರಿಡಾಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. 2006ರಲ್ಲಿ ಅಪ್ಪ ಅಮ್ಮ ಮೊದಲ ಸಲ ಊರಿಂದ ಬಂದಾಗ ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗಿದ್ದೆ. ಅನಿಮಲ್ ಕಿಂಗ್‌ಡಮ್ ಪಾರ್ಕಿನಲ್ಲಿ ಎಕ್ಸ್‌ಪೆಡಿಷನ್ ಎವರೆಸ್ಟ್ ಅನ್ನುವ ರೋಲರ್ ಕೋಸ್ಟರ್ ಆ ಏಪ್ರಿಲ್‌ನಲ್ಲಷ್ಟೇ ಶುರುವಾಗಿತ್ತು. ರೈಲು ಹಿಮಾಲಯ ಹತ್ತುತ್ತದೆ. ಮೇಲೆ ನೋಡಿದರೆ ಹಳಿ ಕಿತ್ತುಹೋಗಿದೆ. ಅಲ್ಲಿಂದ ಕತ್ತಲಲ್ಲಿ ಹಿಂದಕ್ಕೆ ಜಾರುತ್ತದೆ. ಕೊನೆಗೆ ಗುಹೆಯೊಳಗೆ ಸುಮಾರು 25 ಅಡಿ ಎತ್ತರದ ಯೇತಿ, ಅಂದರೆ ಹಿಮಮಾನವನ ಯಂತ್ರದ ಗೊಂಬೆ, ನಮ್ಮನ್ನು ಎತ್ತಿಕೊಂಡೇ ಹೋಗುತ್ತೇನೆ ಅನ್ನುವ ಹಾಗೆ ಕೈ ಬೀಸುತ್ತಿತ್ತು. ಜಾತ್ರೆಯ ತೊಟ್ಟಿಲು ಕೂಡ ಹತ್ತದ ನಮ್ಮಪ್ಪ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಕನ್ನಡಕ ಒತ್ತಿ ಹಿಡಿದುಕೊಂಡಿದ್ದರು. ಆ ಫೋಟೋ ಇನ್ನೂ ಊರಿನ ಮನೆ ಶೋಕೇಸಿನಲ್ಲಿದೆ.

ಒಂದೆರಡು ವರ್ಷದಲ್ಲೇ ಯೇತಿ ಕೈ ಬೀಸುವುದು ನಿಂತಿತು. ಅವತ್ತಿಂದ ಅದು ನಿಂತಲ್ಲೇ ನಿಂತಿದೆ. ಅದರ ಮೇಲೆ ಮಿಣುಕ್ ಮಿಣುಕ್ ಲೈಟ್ ಹಾಕಿ, ಅಲ್ಲಾಡಿದ ಹಾಗೆ ತೋರಿಸುತ್ತಾರೆ. ಅಭಿಮಾನಿಗಳು ಇಟ್ಟ ಹೆಸರು ‘ಡಿಸ್ಕೊ ಯೇತಿ’. ಇದನ್ನು ರೂಪಿಸಿದ ತಂಡದ ಮುಖ್ಯಸ್ಥ ಜೋ ರೋಡಿ 2013ರಲ್ಲಿ ಅಭಿಮಾನಿಗಳ ಮುಂದೆ, ಇದನ್ನು ಒಂದು ದಿನ ಸರಿ ಮಾಡೇ ಮಾಡುತ್ತೇನೆ ಅಂದಿದ್ದರು. 2021ರಲ್ಲಿ ಅವರೇ ನಿವೃತ್ತರಾಗಿ ಹೋದರು.

ಈ ಮಧ್ಯೆ ಏನೇನಾಯಿತು ನೋಡಿ. ಉದ್ದದ ಸಾಲು ತಪ್ಪಿಸಿ ಬೇಗ ರೈಡ್ ಹತ್ತಲು 1999ರಿಂದ ಪುಕ್ಕಟೆ ಸಿಗುತ್ತಿದ್ದ ಫಾಸ್ಟ್‌ಪಾಸ್ ಹೋಯಿತು. 2021ರಲ್ಲಿ ಅದೇ ಸೌಲಭ್ಯ ತಲೆಗೆ ದಿನಕ್ಕೆ 15 ಡಾಲರ್‌ಗೆ ವಾಪಸ್ ಬಂತು. ಈಗ ಅದರ ಹೆಸರು ಲೈಟ್ನಿಂಗ್ ಲೇನ್, ದರ ದಿನಕ್ಕೊಂದು ಥರ. 2024ರ ಕ್ರಿಸ್‌ಮಸ್ ಸಮಯದಲ್ಲಿ ಡಿಸ್ನಿ ವರ್ಲ್ಡ್‌ನ ಇನ್ನೊಂದು ಪಾರ್ಕು ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೆಟ್ 200 ಡಾಲರ್ ಹತ್ತಿರಕ್ಕೆ ಬಂತು. 2025ರ ಜುಲೈನಲ್ಲಿ ಅದೇ ಪಾರ್ಕಿನೊಳಗೆ 1971ರಿಂದ ಇದ್ದ ಕೃತಕ ನದಿ, ಅದರಲ್ಲಿ ಓಡುತ್ತಿದ್ದ ಸ್ಟೀಮರ್ ಎರಡನ್ನೂ ಮುಚ್ಚಿದರು. ಅಲ್ಲಿ ಕಾರುಗಳ ಲೋಕ ಬರುತ್ತದಂತೆ.

ದುಡ್ಡು ಜಾಸ್ತಿ ತಗೊಳ್ಳಲಿ, ಬೇಡ ಅನ್ನಲ್ಲ. ಇರುವುದನ್ನು ಸರಿಯಾಗಿ ಇಟ್ಟುಕೊಳ್ಳಲಿಕ್ಕೆ ಏನು ಕಷ್ಟ?

ಪುಟ್ಟೇನಹಳ್ಳಿ ಪುಟ್ಟ

ಸರ್, ಅಪ್ಪನ ಫೋಟೋ ಕಥೆ ಚೆನ್ನಾಗಿದೆ. ಆದರೆ ‘ಮೊದಲು ಎಲ್ಲಾ ಚೆನ್ನಾಗಿತ್ತು’ ಅನ್ನುವುದು ನಮ್ಮ ಹಳೇ ಕಾಯಿಲೆ. 1971ರಲ್ಲಿ ಡಿಸ್ನಿ ವರ್ಲ್ಡ್ ತೆರೆದಾಗ ದೊಡ್ಡವರಿಗೆ ಬಾಗಿಲ ಟಿಕೆಟ್ ಮೂರೂವರೆ ಡಾಲರ್ ಇತ್ತು, ಸರಿ. ಒಳಗೆ ಹೋದ ಮೇಲೆ? ಒಂದೊಂದು ರೈಡ್‌ಗೂ ಬೇರೆ ಕೂಪನ್! ಎ, ಬಿ, ಸಿ, ಡಿ, ಇ ಅಂತ ಐದು ದರ್ಜೆ. ಸಾಧಾರಣ ರೈಡ್‌ಗೆ ‘ಎ’, ಭರ್ಜರಿ ರೈಡ್‌ಗೆ ‘ಇ’. 1982ರವರೆಗೂ ಇದೇ ಪದ್ಧತಿ. ರೈಡ್‌ಗೆ ದುಡ್ಡು ಕೇಳುವುದು ಇವತ್ತಿನ ಹೊಸ ಪಾಪ ಏನಲ್ಲ.

ಇನ್ನು ಆ ನದಿ. ನಿಜ ಹೇಳಿ, ನೀವು ಕೊನೆಯ ಸಲ ಆ ಸ್ಟೀಮರ್ ಹತ್ತಿದ್ದು ಯಾವಾಗ?

ಸಾಲಿನ ಕೊನೆಯವಳು

ಪುಟ್ಟ ಅವರೇ, ಕೂಪನ್ ವಿಷಯ ಸರಿ. ಆದರೆ ಒಂದು ಮಾತು ಬಿಟ್ಟಿರಿ. ಅವತ್ತು ‘ಇ’ ಕೂಪನ್ ಹಿಡಿದವರೆಲ್ಲ ಒಂದೇ ಸಾಲಲ್ಲಿ ನಿಲ್ಲುತ್ತಿದ್ದರು. ಕೋಟ್ಯಧಿಪತಿಯಾದರೂ ಅಷ್ಟೇ, ವರ್ಷವಿಡೀ ಕೂಡಿಟ್ಟು ಬಂದ ಗುಮಾಸ್ತನಾದರೂ ಅಷ್ಟೇ. ಈಗ ಬಾಗಿಲಲ್ಲೇ ಎರಡು ಸಾಲು. ಎರಡೂ ಒಳಗೆ ಒಂದು ಕಡೆ ಸೇರುತ್ತವೆ. ಅಲ್ಲಿ ನಿಂತ ಹುಡುಗ ದುಡ್ಡು ಕೊಟ್ಟ ಸಾಲಿಗೆ ಮೊದಲು ಕೈ ಬೀಸುತ್ತಾನೆ. ಅಂದರೆ ಅವರ ಹತ್ತು ನಿಮಿಷ ಉಳಿದಿದ್ದು ನಮ್ಮ ಸಮಯದಲ್ಲಿ. ರೈಡ್‌ನ ಸೀಟು ಜಾಸ್ತಿ ಆಗಿಲ್ಲವಲ್ಲ!

ಇದು ನಮಗೆ ಹೊಸದಲ್ಲ ಬಿಡಿ. ತಿರುಪತಿಯಲ್ಲಿ 300 ರೂಪಾಯಿ ದರ್ಶನದ ಸಾಲು, ಧರ್ಮದರ್ಶನದ ಸಾಲು ಎರಡನ್ನೂ ನೋಡಿದವರಿಗೆ ತಕ್ಷಣ ಅರ್ಥ ಆಗುತ್ತದೆ. ಆದರೆ ಅಲ್ಲಿ ಧರ್ಮದರ್ಶನಕ್ಕೆ ದುಡ್ಡಿಲ್ಲ. ಇಲ್ಲಿ ಅಷ್ಟೊಂದು ಡಾಲರ್ ಕೊಟ್ಟ ಮೇಲೂ ನಾವು ನಿಲ್ಲುವುದು ಧರ್ಮದರ್ಶನದ ಸಾಲಲ್ಲಿ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಚಾಮುಂಡಿ ಮೆಟ್ಟಿಲು

ಹೌದು ಮೇಡಂ! ನಮ್ಮ ದಸರಾ ಗೋಲ್ಡ್ ಕಾರ್ಡ್ ಕಥೆನೂ ಇದೇ. ಬಿಡದಿಯ ವಂಡರ್‌ಲಾದಲ್ಲೂ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ಒಂದು ಕಡೆ ಶುರುವಾದರೆ ಎಲ್ಲಾ ಕಡೆ ಬಂತು ಅಂತಲೇ ಲೆಕ್ಕ.

ಹೊಸ ಚಪ್ಪಲಿ

ನಾನು ಡಿಸ್ನಿಗೆ ಮೊದಲ ಸಲ ಹೋಗಿದ್ದೇ 2025ರಲ್ಲಿ. ನನಗೆ ಫಾಸ್ಟ್‌ಪಾಸ್ ಗೊತ್ತಿಲ್ಲ, ಯೇತಿ ಕೈ ಬೀಸಿದ್ದೂ ಗೊತ್ತಿಲ್ಲ. ಅನಿಮಲ್ ಕಿಂಗ್‌ಡಮ್‌ನಲ್ಲೇ ಇರುವ ‘ಅವತಾರ್’ ಸಿನಿಮಾದ ಲೋಕ ಪಂಡೋರಾದಲ್ಲಿ ಆ ಹಕ್ಕಿ ಥರದ ಪ್ರಾಣಿ ಮೇಲೆ ಕೂತು ಹಾರುವ ರೈಡ್ ಇದೆಯಲ್ಲ, ಕಾಲಿನ ಕೆಳಗೆ ಅದು ಉಸಿರಾಡುವುದು ಗೊತ್ತಾಗುತ್ತದೆ ಸರ್! ನನ್ನ ತೊಡೆಗೆ ತಾಗಿ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಇಳಿದ ಮೇಲೆ ಹೆಂಡತಿ ಹತ್ತು ನಿಮಿಷ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅದು ದಾಖಲೆ. ಕಳಪೆ ಆಯ್ತು, ಕಳಪೆ ಆಯ್ತು ಅಂತ ಎಲ್ಲರೂ ಅನ್ನುತ್ತೀರಲ್ಲ, ಇದು ಕಳಪೆನಾ?

ಟಾಂಪಾ ರಾಗಿಮುದ್ದೆ

@ಹೊಸ ಚಪ್ಪಲಿ, ಹೊಸದು ಚೆನ್ನಾಗಿಲ್ಲ ಅಂತ ನಾನೆಲ್ಲಿ ಹೇಳಿದೆ? ಅದು 2017ರದ್ದು, ಅದ್ಭುತ. 2022ರಲ್ಲಿ ಡಿಸ್ನಿ ವರ್ಲ್ಡ್‌ನ ಎಪ್ಕಾಟ್ ಪಾರ್ಕಿಗೆ ಬಂದ ರೋಲರ್ ಕೋಸ್ಟರ್ ಕಾಸ್ಮಿಕ್ ರಿವೈಂಡ್ ಕೂಡ ಸಖತ್ತಾಗಿದೆ. ನನ್ನ ಗೋಳು ಬೇರೆ. ಹೊಸ ಸೊಸೆಗೆ ಒಡವೆ ಮಾಡಿಸುತ್ತಾ, ಅಜ್ಜಿಯ ಕನ್ನಡಕದ ಮುರಿದ ಕಡ್ಡಿಗೆ ದಾರ ಕಟ್ಟಿದ ಹಾಗೆ ಆಗಿದೆ ಅಲ್ಲಿ. ಎವರೆಸ್ಟ್ ಮುಂದೆ ನಿಂತರೆ ಆ ದಾರ ಕಾಣುತ್ತದೆ.

ಪುಟ್ಟ, ಸ್ಟೀಮರ್ ಹತ್ತಿದ್ದು 2019ರಲ್ಲಿ, ಅಮ್ಮನ ಜೊತೆ. ಮಂಡಿ ನೋವು ಅವರಿಗೆ. ಅಷ್ಟು ದೊಡ್ಡ ಪಾರ್ಕಿನಲ್ಲಿ ಗಾಳಿ ಕುಡಿಯುತ್ತಾ ಸುಮ್ನೆ ಕೂತಿದ್ದು ಅಂದರೆ ಆ ಹಡಗಿನಲ್ಲೇ. ಲಾಲ್‌ಬಾಗ್‌ನ ಕೆರೆ ಏರಿಯಲ್ಲೂ ರೈಡ್ ಇಲ್ಲ, ಜನ ಹೋಗಲ್ವಾ?

ಮೆಂಟೆನೆನ್ಸ್ ಮಂಜ

ನಾನು ಲಿಫ್ಟ್ ಸರ್ವಿಸ್ ಲೈನಿನಲ್ಲಿ ಹದಿನೆಂಟು ವರ್ಷದಿಂದ ಇದ್ದೀನಿ. ಯೇತಿ ವಿಷಯದಲ್ಲಿ ಸ್ವಲ್ಪ ಡಿಸ್ನಿ ಪರ ಮಾತಾಡುತ್ತೇನೆ, ಬೈಯಬೇಡಿ.

ಆ ಬೆಟ್ಟದೊಳಗೆ ಇರುವುದು ಮೂರು ಬೇರೆ ಬೇರೆ ಚೌಕಟ್ಟು. ರೈಲಿನ ಹಳಿಗೆ ಒಂದು, ಬೆಟ್ಟದ ಮೈಗೆ ಒಂದು, ಯೇತಿಗೆ ಒಂದು. ಒಂದಕ್ಕೊಂದು ತಾಗಬಾರದು ಅಂತಲೇ ಹಾಗೆ ಕಟ್ಟಿದ್ದು. ಯಾಕೆ ಅಂದರೆ ಅಷ್ಟು ತೂಕದ ಗೊಂಬೆ ಕೈ ಬೀಸಿ ತಟ್ಟನೆ ನಿಲ್ಲಿಸಿದಾಗ ಅದರ ಜಗ್ಗು ಪೂರ್ತಿ ಬುಡಕ್ಕೆ ಹೋಗುತ್ತದೆ. ನಮ್ಮ ಲಿಫ್ಟ್ ತಟ್ಟನೆ ಬ್ರೇಕ್ ಹಿಡಿದಾಗ ಇಡೀ ಶಾಫ್ಟು ‘ಧಡ್’ ಅನ್ನುತ್ತಲ್ಲ, ಹಾಗೆ. ಲಿಫ್ಟಿನಲ್ಲಿ ಹಾಗಾಗುವುದು ದಿನಕ್ಕೆ ಎಷ್ಟು ಸಲ? ಇದು ಪ್ರತಿ ರೈಲಿಗೂ ಒಂದು ಸಲ, ಬೆಳಿಗ್ಗೆಯಿಂದ ರಾತ್ರಿವರೆಗೆ, ವರ್ಷಪೂರ್ತಿ. ಈಗ ಸರಿ ಮಾಡಬೇಕು ಅಂದರೆ ಕ್ರೇನ್ ಹೋಗಬೇಕು, ಕ್ರೇನ್ ಹೋಗಬೇಕು ಅಂದರೆ ಬೆಟ್ಟ ಬಿಚ್ಚಬೇಕು. ತಿಂಗಳುಗಟ್ಟಲೆ ರೈಡ್ ಬಂದ್.

ಅಷ್ಟು ಹೇಳಿದ ಮೇಲೆ, ಬೈಗುಳ ನನ್ನದೂ ಇದೆ. ಬಿಚ್ಚಿ ರಿಪೇರಿ ಮಾಡಲು ದಾರಿ ಬಿಡದೆ ಕಟ್ಟಿದ್ದು ಯಾರು? ಸರ್ವಿಸ್ ಮಾಡುವವನ ಕೈ ಹೋಗುವಷ್ಟು ಜಾಗ ಬಿಡದ ಎಂಜಿನಿಯರ್‌ಗಳು ನಮ್ಮ ಲೈನಿನಲ್ಲೂ ಇದ್ದಾರೆ. ಹೊಸ ಮೆಷಿನ್‌ಗೆ ಪೂಜೆ ಮಾಡಿ ಕುಂಬಳಕಾಯಿ ಒಡೆಯಲು ಮಾಲೀಕರ ಮನೆಮಂದಿಯೆಲ್ಲ ಬರುತ್ತಾರೆ. ಗ್ರೀಸ್ ಹಾಕುವ ದಿನ ನಾನೊಬ್ಬನೇ.

ಇಲ್ಲಿನದೇ ಒಂದು ವಾಟರ್ ಪಾರ್ಕಿಗೆ, ಹೆಸರು ಬೇಡ, ಹೋದ ಬೇಸಿಗೆಯಲ್ಲಿ ಮಕ್ಕಳ ಜೊತೆ ಹೋಗಿದ್ದೆ. ಜಾರುಬಂಡೆಯ ಎರಡು ತುಂಡು ಸೇರುವ ಜಾಗದಲ್ಲಿ ಫೈಬರ್ ಎದ್ದಿತ್ತು. ಮಗನ ಮೊಣಕೈ ಗೀರಿತು. ಕೇಳಿದರೆ ಅಲ್ಲಿದ್ದ ಹುಡುಗ, ‘ಸರ್, ಸ್ವಲ್ಪ ಎಡಕ್ಕೆ ಒರಗಿ ಜಾರಕ್ಕೆ ಹೇಳಿ’ ಅಂದ. ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಅವನಿಗೆ ಗೊತ್ತಿದ್ದ ರಿಪೇರಿ ಅಷ್ಟೇ.

ಸೈಟ್ ಸಿದ್ಧಪ್ಪ

ಇಷ್ಟು ದುಡ್ಡಿಗೆ ಊರಲ್ಲಿ ಬೋರ್ ಕೊರೆಸಬಹುದಿತ್ತು. ಸುಮ್ನೆ ಹೇಳಿದೆ.

ಶೇರುಪೇಟೆ ಶೆಟ್ರು

ಲೆಕ್ಕದ ಕಡೆ ಬನ್ನಿ. 2024ರ ಹಣಕಾಸು ವರ್ಷದಲ್ಲಿ ಡಿಸ್ನಿಯ ಎಲ್ಲಾ ವಿಭಾಗ ಸೇರಿ ಕಾರ್ಯಾಚರಣೆ ಲಾಭ ಸುಮಾರು 15.6 ಬಿಲಿಯನ್ ಡಾಲರ್. ಅದರಲ್ಲಿ ಪಾರ್ಕು, ಕ್ರೂಸು, ಆಟಿಕೆ ಇರುವ ವಿಭಾಗದ್ದೇ 9.3 ಬಿಲಿಯನ್. ಅರ್ಧಕ್ಕಿಂತ ಎಷ್ಟೋ ಜಾಸ್ತಿ. ಜನ ಬರುತ್ತಿದ್ದಾರೆ, ಕೊಡುತ್ತಿದ್ದಾರೆ. ಬೇಡಿಕೆ ಇರುವಾಗ ದರ ಏರಿಸದವನು ವ್ಯಾಪಾರಿ ಅಲ್ಲ. ಅಷ್ಟೇ ಅಲ್ಲ, ಪಾರ್ಕು ಮತ್ತು ಕ್ರೂಸಿಗೆ ಹತ್ತು ವರ್ಷದಲ್ಲಿ 60 ಬಿಲಿಯನ್ ಹಾಕುತ್ತೇವೆ ಅಂತ 2023ರಲ್ಲೇ ಘೋಷಿಸಿದ್ದಾರೆ. ಹಾಲು ಕರೆಯುತ್ತಾರೆ, ಹುಲ್ಲೂ ಹಾಕುತ್ತಾರೆ.

ಸಾಲಿನ ಕೊನೆಯವಳು

ಶೆಟ್ರೇ, ಹುಲ್ಲು ಯಾವ ಕೊಟ್ಟಿಗೆಗೆ ಹೋಯಿತು ಅಂತನೂ ನೋಡಿ. 2022ರ ಹಣಕಾಸು ವರ್ಷದಲ್ಲಿ ಇದೇ ಕಂಪನಿಯ ಸ್ಟ್ರೀಮಿಂಗ್ ವಿಭಾಗ ಸುಮಾರು 4 ಬಿಲಿಯನ್ ನಷ್ಟ ಮಾಡಿತ್ತು. ಅದೇ ಕಾಲದಲ್ಲಿ ಪಾರ್ಕಿನಲ್ಲಿ ಒಂದೊಂದೇ ಪುಕ್ಕಟೆ ಸೌಲಭ್ಯ ಮಾಯ. ನಾನು ಸುಮ್ನೆ ಎರಡನ್ನೂ ಪಕ್ಕಪಕ್ಕ ಇಟ್ಟೆ ಅಷ್ಟೇ.

ಜನ ಕೊಡುತ್ತಾರೆ ಅನ್ನುವುದಕ್ಕೂ ಮಿತಿ ಇದೆ. 2022ರ ಮಾರ್ಚ್‌ನಲ್ಲಿ ಅಂತರಿಕ್ಷ ನೌಕೆ ಥರದ ಹೋಟೆಲ್ ತೆರೆದರಲ್ಲ, ಗ್ಯಾಲಾಕ್ಟಿಕ್ ಸ್ಟಾರ್‌ಕ್ರೂಸರ್. ಎರಡು ರಾತ್ರಿಗೆ, ಇಬ್ಬರಿಗೆ ಸುಮಾರು 4,800 ಡಾಲರ್‌ನಿಂದ ಶುರು. 2023ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಒಂದೂವರೆ ವರ್ಷ!

ಶೇರುಪೇಟೆ ಶೆಟ್ರು

ಅದು ಕೆಟ್ಟ ಲೆಕ್ಕಾಚಾರ, ಒಪ್ಪಿದೆ. ಉಳಿದದ್ದಕ್ಕೆ ನನ್ನ ಮಾತು ಹಾಗೇ ಇದೆ. ಪಕ್ಕದಲ್ಲೇ ಯೂನಿವರ್ಸಲ್‌ನವರು 2025ರ ಮೇ ತಿಂಗಳಲ್ಲಿ ಎಪಿಕ್ ಯೂನಿವರ್ಸ್ ಅನ್ನುವ ಹೊಸ ಪಾರ್ಕು ತೆರೆದಿದ್ದಾರೆ. ಇಷ್ಟ ಇಲ್ಲದವರು ಅಲ್ಲಿಗೆ ಹೋಗಲಿ. ಪೈಪೋಟಿ ಬಂದರೆ ಯೇತಿಯೂ ಎದ್ದು ಕುಣಿಯುತ್ತದೆ.

ನ್ಯೂಜೆರ್ಸಿ ಸೊಸೆ

ಎಲ್ಲರೂ ರೈಡ್ ರೈಡ್ ಅಂತೀರಿ. ನನಗೆ ಬೇಜಾರಾಗಿದ್ದು ಬಸ್ಸಿಗೆ.

ಮ್ಯಾಜಿಕಲ್ ಎಕ್ಸ್‌ಪ್ರೆಸ್ ಅಂತ ಇತ್ತು. ಡಿಸ್ನಿ ಹೋಟೆಲಿನಲ್ಲಿ ರೂಮ್ ಮಾಡಿದರೆ ಏರ್‌ಪೋರ್ಟಿಂದ ಪುಕ್ಕಟೆ ಬಸ್. ಹೊರಡುವ ಮುಂಚೆ ಮನೆಗೇ ಹಳದಿ ಟ್ಯಾಗು ಪೋಸ್ಟಲ್ಲಿ ಬರುತ್ತಿತ್ತು. ಸೂಟ್‌ಕೇಸಿಗೆ ಕಟ್ಟಿ ವಿಮಾನಕ್ಕೆ ಹಾಕಿದರೆ ಮುಗಿಯಿತು, ಅಲ್ಲಿ ಇಳಿದು ಲಗೇಜಿಗೆ ಕಾಯುವ ಹಾಗೇ ಇಲ್ಲ. ಅವರೇ ತಂದು ರೂಮಲ್ಲಿ ಇಡುತ್ತಿದ್ದರು. 2015ರಲ್ಲಿ ಅತ್ತೆ ಮಾವನನ್ನು ಇಬ್ಬರನ್ನೇ ಮೊದಲು ಕಳಿಸಿದ್ದೆವು, ನಾವು ಮಾರನೇ ದಿನ ಹೋದೆವು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಾವ ಫೋನಿನಲ್ಲಿ ಹೇಳಿದ್ದು ಇನ್ನೂ ನೆನಪಿದೆ: ‘ಯಾರೂ ಏನೂ ಕೇಳಲಿಲ್ಲ ಕಣಮ್ಮ, ಮಾವನ ಮನೆಗೆ ಕರೆದುಕೊಂಡು ಬಂದ ಹಾಗೆ ಬಂದರು.’ ಆ ಟ್ಯಾಗು ಅವರ ಸೂಟ್‌ಕೇಸಿನಲ್ಲಿ ಇವತ್ತಿಗೂ ಹಾಗೇ ನೇತಾಡುತ್ತಿದೆ, ಬಿಚ್ಚಲು ಬಿಡಲ್ಲ.

2022ರ ಜನವರಿಗೆ ಆ ಸೇವೆ ನಿಲ್ಲಿಸಿದರು. ಈಗ ಅವರಿಬ್ಬರನ್ನೇ ಕಳಿಸುವ ಧೈರ್ಯ ನನಗಿಲ್ಲ.

ಪುಟ್ಟೇನಹಳ್ಳಿ ಪುಟ್ಟ

ಅಕ್ಕ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನದಿ ವಿಷಯದಲ್ಲಿ ಮಾತ್ರ ನಾನು ಬಗ್ಗಲ್ಲ. ನೆನಪಿಗೋಸ್ಕರ ಅಷ್ಟು ಜಾಗ ಹಾಗೇ ಬಿಟ್ಟರೆ ನಾಳೆ ಇಲ್ಲೇ ಯಾರೋ, ‘ಡಿಸ್ನಿಯವರು ಹೊಸದೇನೂ ಮಾಡುತ್ತಿಲ್ಲ’ ಅಂತ ಬರೆಯುತ್ತಾರೆ. ಬಹುಶಃ ಟಾಂಪಾ ಸರ್ ಅವರೇ!

ಟಾಂಪಾ ರಾಗಿಮುದ್ದೆ

ಬರೆದರೂ ಬರೆದೆ, ಹೇಳಕ್ಕಾಗಲ್ಲ :)

ಶೆಟ್ರೇ, ಪೈಪೋಟಿ ಬಗ್ಗೆ ನೀವು ಹೇಳಿದ್ದು ಸರಿ ಇರಬಹುದು. ಆದರೆ ಅಭಿಮಾನಿ ಅಂದರೆ ಬರೀ ಗಿರಾಕಿ ಅಲ್ಲ. ದೋಸೆ ಕೆಟ್ಟರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಇಪ್ಪತ್ತು ವರ್ಷದಿಂದ ಬರುವವನು ಗಲ್ಲಾ ಹತ್ತಿರ ಹೋಗಿ ‘ಯಾಕೆ ಸ್ವಾಮಿ, ಭಟ್ಟರು ಬದಲಾದರಾ?’ ಅಂತ ಕೇಳುತ್ತಾನೆ. ನಾನು ಕೇಳುತ್ತಿರುವುದು ಅಷ್ಟೇ.

ಹೋದ ಸಲ ಮಗಳನ್ನು ಎವರೆಸ್ಟ್ ಹತ್ತಿಸಿ ಬಂದ ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡಿದ್ದೆವು. ಅಪ್ಪ ಮೊದಲು ಕೇಳಿದ್ದೇ, ‘ಆ ಕರಡಿ ನಿನ್ನ ಮೇಲೂ ಕೈ ಬೀಸಿತಾ ಪುಟ್ಟಿ?’ ಅಂತ. ಅವಳು ನನ್ನ ಮುಖ ನೋಡಿದಳು. ‘ಯಾವ ಕರಡಿ ತಾತ? ಅಲ್ಲಿ ಲೈಟ್ ಇತ್ತು.’

ಚಾಮುಂಡಿ ಮೆಟ್ಟಿಲು

ಅಯ್ಯೋ. ಸರ್, ಡಿಸೆಂಬರ್‌ನಲ್ಲಿ ತಮ್ಮನ ಮನೆಗೆ ಬರುತ್ತಿದ್ದೇವೆ, ನಾಲ್ಕು ಜನ. ಇದೆಲ್ಲ ಓದಿ ತಲೆ ಕೆಟ್ಟಿದೆ. ಹೋಗುವುದಾ, ಬಿಡುವುದಾ?

ಟಾಂಪಾ ರಾಗಿಮುದ್ದೆ

ಹೋಗಿ, ಹೋಗಿ! ಕ್ರಿಸ್‌ಮಸ್ ವಾರ ಮಾತ್ರ ಬೇಡ. ಗೇಟು ತೆಗೆಯುವುದಕ್ಕೆ ಅರ್ಧ ಗಂಟೆ ಮುಂಚೆಯೇ ನಿಂತುಕೊಳ್ಳಿ. ಮೊದಲ ಒಂದೆರಡು ಗಂಟೆಯಲ್ಲಿ ದೊಡ್ಡ ರೈಡ್ ಮುಗಿಸಿದರೆ ಲೈಟ್ನಿಂಗ್ ಲೇನ್ ಇಲ್ಲದೆಯೂ ನಡೆಯುತ್ತದೆ. ಊಟ ಮನೆಯಿಂದಲೇ ಕಟ್ಟಿಕೊಳ್ಳಿ, ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ. ಊಟದ ಕೌಂಟರಿನಲ್ಲಿ ಕೇಳಿದರೆ ತಣ್ಣೀರೂ ಪುಕ್ಕಟೆ ಕೊಡುತ್ತಾರೆ. ಅದನ್ನಿನ್ನೂ ನಿಲ್ಲಿಸಿಲ್ಲ. ಗಾಜಿನ ಬಾಟಲಿ ಮಾತ್ರ ಬಿಡಲ್ಲ, ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಂಡು ಹೋಗಿ.