‘ಬಂದಿದ್ದು’ ಮತ್ತು ‘ಹಾಕಿಸಿದ್ದು’: ಜೀಪಿನ ಆಫ್ಟರ್‌ಮಾರ್ಕೆಟ್ ಸಾಮಾನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಅಂಗಡಿಯ ಗೋಡೆ ಮೇಲೆ ಬರೆಸುವುದಕ್ಕೆ.

ನಮ್ಮ ಭಾವ ಚಿಕ್ಕಮಗಳೂರಿನಲ್ಲಿ ಜೀಪುಗಳಿಗೆ ಸಾಮಾನು ಹಾಕಿಕೊಡುವ ಅಂಗಡಿ ಇಟ್ಟಿದ್ದಾರೆ. ನಮ್ಮ ಕಡೆ ಥಾರ್, ಜಿಮ್ನಿ, ಗೂರ್ಖಾ ಎಲ್ಲವೂ ಜೀಪೇ. ಎಸ್‌ಯುವಿ ಅನ್ನುವ ಮಾತು ಶೋರೂಮಿನ ಬಾಗಿಲು ದಾಟಿ ಹೊರಗೆ ಬಂದಿಲ್ಲ. ಹೂತ ಗಾಡಿ ಎಳೆಯುವ ವಿಂಚ್, ಇಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಕೊಳವೆಯಾದ ಸ್ನಾರ್ಕೆಲ್, ಮೇಲಿನ ಕ್ಯಾರಿಯರ್, ಮಡ್ ಟೈರ್, ಫಾಗ್ ಲೈಟ್, ಗಾಡಿಯನ್ನು ಒಂದೆರಡು ಇಂಚು ಎತ್ತರ ಮಾಡುವ ಸ್ಪ್ರಿಂಗ್, ಎಲ್ಲವೂ ಅಲ್ಲಿ ಸಿಗುತ್ತವೆ. ಬರುವವರಲ್ಲಿ ಅರ್ಧ ಜನ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದವರು. ಇನ್ನರ್ಧ ಗಾಡಿ ಹುಚ್ಚಿನ ಹುಡುಗರು. ‘ಕನ್ನಡ ಓದಿದವಳು ನೀನು, ರೇಟ್ ಬೋರ್ಡೂ ಗಿರಾಕಿಗಳ ಕೈಗೆ ಕೊಡುವ ಒಂದು ಹಾಳೆಯೂ ನೀನೇ ಬರ್ಕೊಡಮ್ಮ’ ಅಂದರು ಭಾವ. ಒಪ್ಪಿಕೊಂಡೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು. ‘ಆಫ್ಟರ್‌ಮಾರ್ಕೆಟ್ ಆಕ್ಸೆಸರೀಸ್’, ಅಂದರೆ ಗಾಡಿ ಕೊಂಡ ಮೇಲೆ ಸೇರಿಸುವ ಸಾಮಾನು, ಅದಕ್ಕೆ ಏನು ಬರೆಯಲಿ?

ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಆಗೋದಿಲ್ವಾ ಅಂತ ನೀವು ಕೇಳಬಹುದು. ವಿಂಚಿಗೆ, ಟೈರಿಗೆ ಹಾಗೇ ಬರೆಯುತ್ತೇನೆ, ಅದರಲ್ಲಿ ತಕರಾರಿಲ್ಲ. ಆದರೆ ಈ ಒಂದು ಮಾತು ಸರಿಯಾಗಿ ತಲುಪದೇ ಹೋದರೆ ದುಡ್ಡು ಹೋಗುತ್ತದೆ. ನಮ್ಮ ಮನೆಯಲ್ಲೇ ಹೋಗಿದೆ.

ನಮ್ಮ ಚಿಕ್ಕಪ್ಪ ಥಾರಿನ ಮುಂದೆ ವಿಂಚ್ ಹಾಕಿಸಿದ್ದರು. ವಿಮೆ ಮಾಡಿಸುವಾಗ ಕನ್ನಡದಲ್ಲಿ ಅಚ್ಚಾದ ಅರ್ಜಿ ಕೊಟ್ಟರಂತೆ. ಅದರಲ್ಲಿ ‘ವಾಹನದಲ್ಲಿ ಹೆಚ್ಚುವರಿ ಪರಿಕರಗಳಿವೆಯೇ? ಇದ್ದಲ್ಲಿ ಮೌಲ್ಯ ನಮೂದಿಸಿ’ ಅಂತ ಒಂದು ಪ್ರಶ್ನೆ. ಚಿಕ್ಕಪ್ಪನಿಗೆ ಪರಿಕರ ಅಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೊಡುವ ಕೃಷಿ ಪರಿಕರ. ಔಷಧಿ ಹೊಡೆಯುವ ಪಂಪು, ಟಾರ್ಪಾಲು, ಕಳೆ ಕತ್ತರಿಸುವ ಮಿಷನ್ನು. ಅವತ್ತು ಬೆಳಿಗ್ಗೆ ತಾನೇ ಪಂಪನ್ನು ಲೈನ್ ಮನೆ ಹತ್ತಿರ ಇಳಿಸಿ ಬಂದಿದ್ದರು. ಗಾಡಿಯಲ್ಲಿ ಯಾವ ಪರಿಕರವೂ ಇರಲಿಲ್ಲ. ‘ಇಲ್ಲ’ ಅಂತ ಬರೆದು ಸಹಿ ಹಾಕಿದರು. ಆ ವರ್ಷ ಪುಷ್ಯ ಮಳೆಯಲ್ಲಿ ಸಿಲ್ವರ್ ಮರ ಮುರಿದು ಗಾಡಿಯ ಮುಂಭಾಗದ ಮೇಲೆ ಬಿತ್ತು. ಬಾನೆಟ್ಟಿಗೆ ಬಂತು, ಗಾಜಿಗೆ ಬಂತು, ಬಂಪರಿಗೂ ಬಂತು. ವಿಂಚಿಗೆ ಒಂದು ಪೈಸೆ ಬರಲಿಲ್ಲ. ಗಾಡಿ ಜೊತೆ ಬಾರದ ಸಾಮಾನನ್ನು ಬೇರೆಯಾಗಿ ತೋರಿಸಿ, ಅದಕ್ಕೂ ಪ್ರೀಮಿಯಂ ಕಟ್ಟಿದ್ದರೆ ಮಾತ್ರ ವಿಮೆ ಸಿಗುವುದು. ಆ ನಿಯಮದಲ್ಲಿ ತಪ್ಪಿಲ್ಲ. ‘ಗಾಡಿ ತಗೊಂಡ ಮೇಲೆ ಏನಾದರೂ ಹಾಕಿಸಿದ್ದೀರಾ?’ ಅಂತ ಕೇಳಿದ್ದರೆ ಚಿಕ್ಕಪ್ಪ ವಿಂಚಿನ ಬೆಲೆಯನ್ನು ಕೂಲಿ ಸಮೇತ ಬರೆಯುತ್ತಿದ್ದರು.

ಹೀಗಾಗಿ ‘ಪರಿಕರ’ ನನ್ನ ಹಾಳೆಯಲ್ಲಿ ಬರುವುದಿಲ್ಲ. ಉಳಿದ ಪದಗಳನ್ನೂ ಒಂದೊಂದಾಗಿ ಇಟ್ಟು ನೋಡಿದೆ. ‘ಬಿಡಿಭಾಗ’ ಅಂದರೆ ಹಳೆಯದು ಹಾಳಾದಾಗ ಅದರ ಜಾಗಕ್ಕೆ ಬರುವುದು. ವಿಂಚ್ ಯಾವುದರ ಜಾಗಕ್ಕೂ ಬಂದದ್ದಲ್ಲ. ‘ಮಾರಾಟೋತ್ತರ’ ಅಂದರೆ ಬಾಯಿಗೂ ಕಷ್ಟ, ‘ಮಾರಾಟದ ನಂತರದ ಸೇವೆ’ ಅಂತ ಕಂಪನಿಯೇ ಕೊಡುವ ಸರ್ವಿಸಿಗೆ ಆ ಮಾತು ಆಗಲೇ ಅಂಟಿಕೊಂಡಿದೆ. ಪೇಟೆಯಲ್ಲಿ ಇಂಥ ಅಂಗಡಿಗಳಿಗೆ ‘ಕಾರ್ ಡೆಕೋರ್’ ಅಂತ ಬೋರ್ಡ್ ಇರುತ್ತದೆ. ಅಲ್ಲಿಗೆ ಎಲ್ಲವೂ ಅಲಂಕಾರವಾಯಿತು. ಗದ್ದೆ ಬದಿಯಲ್ಲಿ ಹೂತ ಗಾಡಿಯನ್ನು ಎಳೆದು ತರುವ ವಿಂಚನ್ನು ಅಲಂಕಾರ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಜನ ಜಾಸ್ತಿ ಆಡುವ ಮಾತು ‘ಹೊರಗಡೆದು’. ‘ಕಂಪನಿದಾ, ಹೊರಗಡೆದಾ?’ ಒಳ್ಳೆಯ ಕನ್ನಡವೇ. ಆದರೆ ಅದಕ್ಕೆ ‘ಡೂಪ್ಲಿಕೇಟ್’ ವಾಸನೆ ಹತ್ತಿಕೊಂಡಿದೆ. ಬ್ರೇಕ್ ಪ್ಯಾಡ್ ಕೊಳ್ಳುವಾಗ ‘ಹೊರಗಡೆದು ಬೇಡ’ ಅಂದರೆ ನಕಲಿ ಬೇಡ ಅಂತಲೇ ಅರ್ಥ. ವಿಂಚ್ ಮಾಡುವ ಕಂಪನಿ ಬೇರೆ, ಗಾಡಿ ಮಾಡುವ ಕಂಪನಿ ಬೇರೆ, ಅಷ್ಟೇ ವಿಷಯ. ಅದರಲ್ಲಿ ನಕಲಿ ಏನಿದೆ?

ಕೊನೆಗೆ ಒಂದು ವಾರ ಅಂಗಡಿಯಲ್ಲೇ ಕೂತು, ಬರುವವರು ಹೇಗೆ ಕೇಳುತ್ತಾರೋ ಹಾಗೇ ಪುಸ್ತಕದಲ್ಲಿ ಬರೆದುಕೊಂಡೆ. ಮೂರನೇ ದಿನ ಕೊಟ್ಟಿಗೆಹಾರದ ಕಡೆಯ ಹಿರಿಯರೊಬ್ಬರು ಪಕ್ಕದಲ್ಲಿ ನಿಂತಿದ್ದ ಗೂರ್ಖಾದ ಸ್ನಾರ್ಕೆಲ್ ಮುಟ್ಟಿ ಕೇಳಿದರು: ‘ಇದು ಗಾಡಿ ಜೊತೆ ಬಂದಿದ್ದಾ, ಹಾಕಿಸಿದ್ದಾ?’

ನನಗೆ ಬೇಕಾಗಿದ್ದದ್ದು ಅದೇ ಮಾತು. ಗೂರ್ಖಾಕ್ಕೆ ಸ್ನಾರ್ಕೆಲ್ ಕಾರ್ಖಾನೆಯಿಂದಲೇ ಬರುತ್ತದೆ. ಥಾರಿಗೆ ಬೇಕಾದರೆ ನಾವು ಹಾಕಿಸಬೇಕು. ವಸ್ತು ಒಂದೇ, ಕೆಲಸ ಒಂದೇ. ಒಂದು ಕಡೆ ಬಂದಿದ್ದು, ಇನ್ನೊಂದು ಕಡೆ ಹಾಕಿಸಿದ್ದು. ಆಫ್ಟರ್‌ಮಾರ್ಕೆಟ್ ಅನ್ನುವುದು ವಸ್ತುವಿನ ಗುಣವಲ್ಲ, ಅದು ಗಾಡಿಗೆ ಸೇರಿದ ದಾರಿ. ಆ ದಾರಿಯನ್ನು ಹೇಳುವ ಕೆಲಸವನ್ನು ಕನ್ನಡ ಕ್ರಿಯಾಪದಕ್ಕೆ ಒಪ್ಪಿಸಿದೆ. ನಾನು ಇಷ್ಟು ದಿನ ನಾಮಪದಗಳ ಮಧ್ಯೆ ಹುಡುಕುತ್ತಿದ್ದೆ.

‘ಇಸು’ ಪ್ರತ್ಯಯವನ್ನು ಗಮನಿಸಿ. ಶಾಲೆಯಲ್ಲಿ ಪ್ರೇರಣಾರ್ಥಕ ಅಂತ ಕಲಿತದ್ದು ಅದೇ. ‘ಹಾಕು’ ಅಂದರೆ ಯಾರು ಬೇಕಾದರೂ ಹಾಕಬಹುದು. ‘ಹಾಕಿಸಿದೆ’ ಅಂದ ಕೂಡಲೇ ಗಾಡಿಯ ಯಜಮಾನ ಬಂದ, ಕೆಲಸ ಮಾಡಿಕೊಟ್ಟ ಮೇಸ್ತ್ರಿ ಬಂದ, ಖರ್ಚೂ ಬಂತು. ‘ಕಂಪನಿಯವರು ಏರ್‌ಬ್ಯಾಗ್ ಹಾಕಿದ್ದಾರೆ’ ಅನ್ನುತ್ತೇವೆ, ‘ಹಾಕಿಸಿದ್ದಾರೆ’ ಅನ್ನುವುದಿಲ್ಲ. ಎರಡಕ್ಷರದಲ್ಲಿ ಇಷ್ಟು ಅರ್ಥ ಅಡಗಿದೆ ಅಂತ ತಿಳಿದಾಗ ನಿಜವಾಗಿ ಖುಷಿಯಾಯಿತು.

ಕಿವಿಗೊಟ್ಟು ಕೇಳುತ್ತಾ ಹೋದರೆ ಅಲ್ಲಿನ ಕ್ರಿಯಾಪದಗಳು ಇನ್ನೂ ಸೂಕ್ಷ್ಮ. ಮಳೆಗಾಲದಲ್ಲಿ ತೋಟದ ರಸ್ತೆಗೆ ಟೈರಿನ ಸುತ್ತ ಚೈನ್ ‘ಕಟ್ಟುತ್ತಾರೆ’. ಎತ್ತಿಗೆ ಲಾಳ ಕಟ್ಟಿದ ಹಾಗೆ. ಕಟ್ಟಿದ್ದನ್ನು ‘ಬಿಚ್ಚಬಹುದು’. ಕ್ಯಾರಿಯರ್ ‘ಹಾಕಿಸುತ್ತಾರೆ’, ಬೇಡವಾದರೆ ‘ತೆಗೆಸುತ್ತಾರೆ’. ಲೈಟಿಗೆ ವಯರ್ ‘ಎಳೆಸುತ್ತಾರೆ’. ವಿಂಚ್ ‘ಕೂರಿಸುತ್ತಾರೆ’, ಅದನ್ನು ‘ಇಳಿಸಲೂ’ ಬಹುದು. ಆದರೆ ಕೆಲವಕ್ಕೆ ಹಿಂದಕ್ಕೆ ಬರುವ ಮಾತೇ ಇಲ್ಲ. ‘ಕೊರೆ’ ಅನ್ನುವುದಕ್ಕೆ ಏನು ವಿರುದ್ಧ? ‘ಕೊಯ್ಯಿ’ ಅನ್ನುವುದಕ್ಕೆ?

ಥಾರಿಗೆ ಸ್ನಾರ್ಕೆಲ್ ಕೂರಿಸುವುದನ್ನು ಹತ್ತಿರ ನಿಂತು ನೋಡಿದ ಮೇಲೆ ನನಗೆ ಈ ಪ್ರಶ್ನೆ ಬಂತು. ಕಾಗದದ ಅಚ್ಚನ್ನು ಫೆಂಡರಿನ ಮೇಲೆ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿನ ಮೇಲೆ, ಟೇಪಿನಿಂದ ಅಂಟಿಸಿದರು. ಪಂಚ್ ಇಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಗುರುತು ಮಾಡಿದರು. ಆಮೇಲೆ ಡ್ರಿಲ್ಲಿಗೆ ಗುಂಡು ಗರಗಸದ ಬಿಟ್ ಹಾಕಿದರು. ಗಾಡಿ ತಂದಿದ್ದ ಹುಡುಗ ‘ಅಣ್ಣಾ, ಒಂದ್ನಿಮಿಷ’ ಅಂದು ಹೊರಗೆ ಹೋಗಿ ರಸ್ತೆ ಕಡೆ ಮುಖ ಮಾಡಿ ನಿಂತ. ತಗಡು ಕಿರುಚಿತು. ರೊಟ್ಟಿ ಬಿಲ್ಲೆಯ ಹಾಗೆ ಗುಂಡನೆಯ ಒಂದು ತುಂಡು ಕಳಚಿ ನೆಲಕ್ಕೆ ಬಿತ್ತು. ಅಂಚಿಗೆ ಅರ ಹಾಕಿ ಉಜ್ಜಿ, ತುಕ್ಕು ಹಿಡಿಯದ ಹಾಗೆ ಪ್ರೈಮರ್ ಬಳಿದು, ಒಣಗಿದ ಮೇಲೆ ಕೊಳವೆ ಕೂರಿಸಿದರು. ಹೊರಡುವಾಗ ಆ ಹುಡುಗ ತಗಡಿನ ತುಂಡನ್ನು ಬಗ್ಗಿ ಎತ್ತಿಕೊಂಡು ಜೇಬಿಗೆ ಹಾಕಿಕೊಂಡ.

ಕೊಳವೆಯನ್ನು ನಾಳೆ ತೆಗೆದರೂ ತೂತು ಹಾಗೇ ಇರುತ್ತದೆ. ಇಂಥದ್ದಕ್ಕೆ ನಮ್ಮಲ್ಲಿ ‘ಆಲ್ಟರ್ ಮಾಡಿಸು’ ಅನ್ನುತ್ತಾರೆ. ದರ್ಜಿ ಅಂಗಡಿಯಿಂದ ಬಂದ ಮಾತು ಅಂತ ಕಾಣುತ್ತದೆ. ಕತ್ತರಿ ಬಿದ್ದ ಬಟ್ಟೆಯೂ ಹಾಗೇ ಅಲ್ವಾ.

ಸ್ನಾರ್ಕೆಲ್ ಅನ್ನುವ ಪದದ ಬಗ್ಗೆಯೂ ಒಂದು ಮಾತು. ಇದು ಜರ್ಮನ್ ಪದ, ಜಲಾಂತರ್ಗಾಮಿ ಹಡಗಿಗೆ ಗಾಳಿ ಒದಗಿಸುವ ಕೊಳವೆಯ ಹೆಸರಾಗಿತ್ತು. ಗೊರಕೆ ಹೊಡೆಯುವುದಕ್ಕೆ ಅವರಲ್ಲಿರುವ ಪದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ. ಅಂದರೆ ಅವರು ಮೂಗನ್ನು ನೆನೆದು ಹೆಸರಿಟ್ಟರು. ಭಾವನ ಅಂಗಡಿಯ ಮೇಸ್ತ್ರಿ ಆಲೂರಿನವರು. ಅವರು ಅದನ್ನು ‘ಸೊಂಡ್ಲು’ ಅನ್ನುತ್ತಾರೆ. ‘ಸೊಂಡ್ಲಿಗೆ ಸೀಲ್ ಸರಿಯಾಗಿ ಕೂತಿಲ್ಲ ನೋಡು.’ ಹೇಮಾವತಿ ಹಿನ್ನೀರಿನಲ್ಲಿ ಆನೆ ದಾಟುವಾಗ ಮೈಯೆಲ್ಲ ಮುಳುಗಿ ಸೊಂಡಿಲಿನ ತುದಿ ಮಾತ್ರ ಮೇಲೆ ಕಾಣುತ್ತದೆ. ಅದನ್ನು ನೋಡಿದವರ ಬಾಯಲ್ಲಿ ಈ ಹೆಸರು ಬಾರದೇ ಇನ್ನೇನು ಬಂದೀತು? ಇದಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ.

‘ಉಸಿರು ಕೊಳವೆ’ ಅನ್ನೋಣ ಅಂತ ಮೊದಲು ಯೋಚಿಸಿದ್ದೆ. ಮೇಸ್ತ್ರಿ ಬೇಡ ಅಂದರು. ಕಾರಣ ಕೇಳಿದರೆ ಅವರ ಮಾತೇ ಸರಿ. ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೂ ಗೇರ್ ಬಾಕ್ಸಿಗೂ ಸಣ್ಣ ಉಸಿರು ಪೈಪುಗಳಿವೆ. ಬಿಸಿಯಾದ ಡಿಫರೆನ್ಷಿಯಲ್ ನೀರಿಗೆ ಇಳಿದಾಗ ಥಟ್ಟನೆ ತಣ್ಣಗಾಗಿ ಆ ಪೈಪಿನಿಂದ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಪೈಪಿನ ತುದಿ ಕೆಳಗಿದ್ದರೆ ಎಣ್ಣೆಗೆ ನೀರು ಸೇರುತ್ತದೆ. ಸೊಂಡಿಲು ಕಾಯುವುದು ಇಂಜಿನ್ ಒಂದನ್ನೇ. ಗಾಳಿಯ ಜಾಗದಲ್ಲಿ ಸಿಲಿಂಡರಿಗೆ ನೀರು ನುಗ್ಗಿದರೆ, ನೀರನ್ನು ಅಮುಕಲು ಆಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ‘ಇಂಜಿನ್ ನೀರು ಕುಡೀತು’ ಅನ್ನುವುದು ಇದಕ್ಕೇ. ಥಾರ್ 650 ಮಿಲಿಮೀಟರ್ ಆಳದ ನೀರು ದಾಟುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಸೊಂಡಿಲು ಹಾಕಿಸಿದ ಮಾತ್ರಕ್ಕೆ ಆ ಅಳತೆ ಮೀರಿ ಹೋಗಬಾರದು. ಹಾಳೆಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಸೊಂಡಿಲು, ಉಸಿರು ಪೈಪು ಅಂತ ಎರಡು ಬೇರೆ ಹೆಸರಿದ್ದರೆ ಓದುವವರಿಗೆ ಎರಡು ಬೇರೆ ಕೆಲಸ ಅಂತ ಗೊತ್ತಾಗುತ್ತದೆ.

ವಿಂಚಿನ ಭಾಗ ಸುಲಭವಾಯಿತು. ಬಾವಿಯ ‘ರಾಟೆ’ ಇಲ್ಲಿಯೂ ರಾಟೆಯೇ. ಹಗ್ಗವನ್ನು ಮರಕ್ಕೆ ಕಟ್ಟಿದ ರಾಟೆಗೆ ಹಾಕಿ ವಾಪಸ್ ಗಾಡಿಗೆ ತಂದರೆ ಎಳೆಯುವ ಬಲ ಹೆಚ್ಚುಕಡಿಮೆ ಎರಡರಷ್ಟು, ವೇಗ ಅರ್ಧ. ‘ಡ್ರಮ್ಮಿನಲ್ಲಿ ಉಕ್ಕಿನ ಹಗ್ಗವಾದರೆ ಕನಿಷ್ಠ 5 ಸುತ್ತು, ಸಿಂಥೆಟಿಕ್ ಹಗ್ಗವಾದರೆ ಕನಿಷ್ಠ 10 ಸುತ್ತು ಉಳಿಸಿ, ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ’ ಅಂತ ಬರೆದೆ. ಹಗ್ಗ ತುಂಡಾದರೆ ಚೀಲದ ಭಾರ ಅದನ್ನು ನೆಲಕ್ಕೆ ತಳ್ಳುತ್ತದೆ. ಕಾಫಿ ತೋಟದಲ್ಲಿ ಗೋಣಿಚೀಲಕ್ಕೆ ಬರವಿಲ್ಲ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ‘ಹಾಕಿಸಿದ್ದು’ ಮತ್ತು ‘ಆಲ್ಟರ್ ಮಾಡಿಸಿದ್ದು’ ಅಂತ ಜನ ಮಾಡಿಕೊಂಡ ಭಾಗ ಚೆನ್ನಾಗಿದೆ. ಆದರೆ ಕಾನೂನು ಬೇರೆ ಕಡೆ ಗೆರೆ ಎಳೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ಮುಂದೆ ಹಾಕಿಸುವ ಕಬ್ಬಿಣದ ಬುಲ್ ಬಾರ್ ಇದೆಯಲ್ಲ, ಜನ ‘ಗಾರ್ಡ್’ ಅನ್ನುತ್ತಾರೆ, ಅದು ಈ 52ನೇ ಸೆಕ್ಷನ್ನಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಗುದ್ದಿದಾಗ ನಜ್ಜುಗುಜ್ಜಾಗಿ ಪೆಟ್ಟು ತಿನ್ನಬೇಕಾದ ಮುಂಭಾಗವನ್ನು ಅದು ಬಿಗಿಹಿಡಿಯುತ್ತದೆ, ಪೆಟ್ಟು ನೇರ ಚಾಸಿಗೆ ಹೋಗುತ್ತದೆ. ಏರ್‌ಬ್ಯಾಗ್ ತೆರೆಯುವ ಹೊತ್ತೂ ತಪ್ಪಬಹುದು. ಎದುರಿಗೆ ಸಿಕ್ಕ ಮನುಷ್ಯನ ಗತಿ ಕೇಳುವುದೇ ಬೇಡ.

ಭಾವ ಗಾರ್ಡ್ ಹಾಕುವುದನ್ನು ನಿಲ್ಲಿಸಿದ್ದಾರೆ. ಆದರೆ ಬರುವವರು ದಿನಾ ವಾದ ಮಾಡುತ್ತಾರೆ: ‘ಇದೇನು ಆಲ್ಟರ್ ಅಲ್ಲವಲ್ಲ ಅಣ್ಣ, ಸುಮ್ನೆ ಹಾಕಿಸೋದು. ಬೇಡ ಅಂದ್ರೆ ತೆಗೆಸ್ತೀನಿ.’ ಅವರ ಮಾತಿನ ಪ್ರಕಾರ ಅದು ಸರಿ. ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ, ಗಾಡಿಗೆ ಒಂದು ಗೀರೂ ಬಿದ್ದಿರುವುದಿಲ್ಲ. ನಾನು ಮೆಚ್ಚಿಕೊಂಡ ಅದೇ ಕ್ರಿಯಾಪದ ಇಲ್ಲಿ ಜನರನ್ನು ದಾರಿ ತಪ್ಪಿಸುತ್ತಿದೆ. ಕಾನೂನಿನ ಕನ್ನಡದಲ್ಲಿ ‘ಮಾರ್ಪಾಡು’ ಅನ್ನುತ್ತಾರೆ. ಗಾರ್ಡ್ ಹಾಕಿಸುವುದನ್ನು ಮಾರ್ಪಾಡು ಅಂತ ಯಾರ ಕಿವಿಯೂ ಒಪ್ಪುವುದಿಲ್ಲ.

ನನ್ನ ಕರಡು ಇಷ್ಟು. ಬೋರ್ಡಿನ ತಲೆಬರಹ ‘ಜೀಪಿಗೆ ಹಾಕಿಸುವ ಸಾಮಾನು’. ಸಾಮಾನು ಅನ್ನುವುದಕ್ಕೆ ನನಗೊಂದು ಆಧಾರವಿದೆ. ತಾಯಿಯ ಊರು ಚನ್ನರಾಯಪಟ್ಟಣದ ಕಡೆ. ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಗೆಜ್ಜೆ, ಗೊಂಡೆ, ಮೂಗುದಾರ, ಲಾಳ ಎಲ್ಲವನ್ನೂ ಸೇರಿಸಿ ತಾತ ‘ಎತ್ತಿನ ಸಾಮಾನು’ ಅನ್ನುತ್ತಿದ್ದರು. ಎತ್ತಿನ ಜೊತೆ ಹುಟ್ಟಿ ಬಂದದ್ದಲ್ಲ, ಆಮೇಲೆ ಹಾಕಿದ್ದು. ಅದರಲ್ಲಿ ಅಂದದ್ದೂ ಸೇರಿತ್ತು, ಕೆಲಸದ್ದೂ ಸೇರಿತ್ತು. ಆದರೆ ‘ಜೀಪಿನ ಸಾಮಾನು’ ಅಂತಷ್ಟೇ ಬರೆದರೆ ಬಿಡಿಭಾಗ ಅಂತ ಓದುತ್ತಾರೆ, ಅದಕ್ಕೇ ‘ಹಾಕಿಸುವ’ ಅನ್ನುವುದು ಬೇಕೇ ಬೇಕು. ಹಾಳೆಯಲ್ಲಿ ವಿಮೆಯ ಸಾಲಿಗೆ ‘ಹಾಕಿಸಿದ್ದನ್ನೆಲ್ಲ ಬೆಲೆ ಸಮೇತ ಬರೆಸಿ’ ಅಂತ ಹಾಕಿದ್ದೇನೆ.

ನಿಮ್ಮನ್ನು ಕೇಳುವುದು ಎರಡೇ. ಉತ್ತರ ಕರ್ನಾಟಕದವರಿಗೆ, ಕರಾವಳಿಯವರಿಗೆ ‘ಬಂದಿದ್ದು’, ‘ಹಾಕಿಸಿದ್ದು’ ಇದೇ ಅರ್ಥ ಕೊಡುತ್ತದೆಯೇ? ಹುಬ್ಬಳ್ಳಿಯ ಗೆಳತಿ ‘ಕೂಡಿಸಿದ್ದು’ ಅಂದಳು, ಅದು ನಮ್ಮ ಕಡೆ ಲೆಕ್ಕ ಕೂಡಿಸಿದ ಹಾಗೆ ಕೇಳುತ್ತದೆ. ಇನ್ನೊಂದು, ಬಿಚ್ಚಿದರೆ ಕೈಗೆ ಬರುವಂಥದ್ದು, ಆದರೂ ಕಾನೂನು ಒಪ್ಪದ್ದು, ಅಂಥದ್ದಕ್ಕೆ ಜನರ ಬಾಯಲ್ಲಿ ನಿಲ್ಲುವ ಒಂದು ಮಾತು ಬೇಕು. ‘ಹಾಕಿಸಬಾರದ್ದು’ ಅಂತ ಬರೆದು ನೋಡಿದೆ. ಅಡುಗೆಗೆ ಹಾಕಬಾರದ ಪದಾರ್ಥ ಅಂದ ಹಾಗಾಯಿತು ಅಂತ ಅಕ್ಕ ಅಂದಳು. ನಿಮ್ಮ ಊರಿನ ಗ್ಯಾರೇಜಿನಲ್ಲಿ ಏನನ್ನುತ್ತಾರೆ ಅಂತ ಒಮ್ಮೆ ಕೇಳಿ ಬರೆಯಿರಿ. ಬೋರ್ಡ್ ಬರೆಯುವವರು ದೀಪಾವಳಿ ಕಳೆದ ಮೇಲೆ ಬರುತ್ತಾರೆ.