ದೊಡ್ಡಪ್ಪನ ಔಷಧಗಳು ಯಾವ ಬ್ಯಾಗ್‌ಗೆ?

ಶಾರದಾ ಅತ್ತೆ: (ಫಾರ್ವರ್ಡ್) ವಿಮಾನ ಪ್ರಯಾಣಿಕರೇ ಗಮನಿಸಿ! ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಒಂದೇ ಡಬ್ಬಿಗೆ ಹಾಕಿಕೊಳ್ಳಿ, ಜಾಗ ಉಳಿಯುತ್ತದೆ. ಇನ್ಸುಲಿನ್, ಸಿರಪ್ ಚೆಕ್-ಇನ್ ಬ್ಯಾಗ್‌ನಲ್ಲೇ ಇಡಿ, ಇಲ್ಲದಿದ್ದರೆ ಸೆಕ್ಯುರಿಟಿಯಲ್ಲಿ ಕಿತ್ತುಕೊಳ್ಳುತ್ತಾರೆ. ಸ್ವಂತ ಬಳಕೆಯ ಔಷಧಕ್ಕೆ ಯಾವ ದೇಶದಲ್ಲೂ ಡಾಕ್ಟರ್ ಚೀಟಿ ಬೇಕಿಲ್ಲ. ಎಲ್ಲರಿಗೂ ಕಳಿಸಿ.

ಶಾರದಾ ಅತ್ತೆ: ಅಣ್ಣ, ಅತ್ತಿಗೆ ದುಬೈಗೆ ಹೊರಟಿದ್ದಾರಲ್ಲ, ಅವರಿಗೆ ಉಪಯೋಗ ಆಗಲಿ ಅಂತ ಹಾಕಿದೆ.

ಮೇಘಾ: ಅತ್ತೆ, ದಯವಿಟ್ಟು ಇದನ್ನು ಬೇರೆ ಯಾರಿಗೂ ಕಳಿಸಬೇಡಿ. ದೊಡ್ಡಪ್ಪ, ಇದನ್ನು ನಂಬಿ ಪ್ಯಾಕ್ ಮಾಡಬೇಡಿ. ಇನ್ಸುಲಿನ್ ಅಂತೂ ಯಾವ ಕಾರಣಕ್ಕೂ ಚೆಕ್-ಇನ್ ಬ್ಯಾಗ್‌ಗೆ ಹೋಗಬಾರದು.

ರಘು ಚಿಕ್ಕಪ್ಪ: ಯಾಕಮ್ಮಾ ಹೆದರಿಸುತ್ತೀಯ? ನಾನು ಪ್ರತಿ ಸಲ ಬಿಪಿ ಮಾತ್ರೆ ಡಬ್ಬಿಯಲ್ಲೇ ಒಯ್ಯುವುದು. ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಮೇಘಾ: ಬಿಪಿ ಮಾತ್ರೆ ಕೇಳದೇ ಇರಬಹುದು ಚಿಕ್ಕಪ್ಪ. ಆದರೆ ದೊಡ್ಡಪ್ಪನಿಗೆ ಮಂಡಿ ನೋವಿಗೆ ಟ್ರಮಡಾಲ್ ಇದೆ. ದೊಡ್ಡಮ್ಮ ರಾತ್ರಿ ನಿದ್ರೆಗೆ ಆಲ್ಪ್ರಜೋಲಮ್ ತಗೊಳ್ಳುತ್ತಾರೆ. ಯುಎಇಯಲ್ಲಿ ಇವೆರಡೂ ನಿಯಂತ್ರಿತ ಔಷಧಗಳು. ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಅದೇ ಸಾಲಿಗೆ ಸೇರುತ್ತದೆ. ಇವನ್ನು ಒಯ್ಯಬೇಕಾದರೆ ಅಲ್ಲಿನ ಸರ್ಕಾರದಿಂದ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ತಗೊಳ್ಳಬೇಕು. ಎಷ್ಟು ಒಯ್ಯಬಹುದು ಅನ್ನುವುದಕ್ಕೂ ಮಿತಿ ಇದೆ.

ರಘು ಚಿಕ್ಕಪ್ಪ: ಡಾಕ್ಟರೇ ಬರೆದುಕೊಟ್ಟ ಮಾತ್ರೆ ತಪ್ಪು ಹೇಗಾಗುತ್ತದೆ? ಸೆಕ್ಯುರಿಟಿಯಲ್ಲಿ ಬ್ಯಾಗ್ ಸ್ಕ್ಯಾನ್ ಮಾಡಿ ಬಿಟ್ಟರೆ ಅಲ್ಲಿಗೆ ಮುಗಿಯಿತಲ್ವಾ?

ಮೇಘಾ: ಮುಗಿಯುವುದಿಲ್ಲ ಚಿಕ್ಕಪ್ಪ. ಈ ಫಾರ್ವರ್ಡ್ ಕಲಸುಮೇಲೋಗರ ಮಾಡಿರುವುದೂ ಅದನ್ನೇ. ಸೆಕ್ಯುರಿಟಿಯವರಿಗೆ ಬೇಕಾದ್ದು ವಿಮಾನಕ್ಕೆ ಅಪಾಯ ಇದೆಯಾ ಅನ್ನುವುದಷ್ಟೇ. ನಿಮ್ಮ ಮಾತ್ರೆ ಇಳಿಯುವ ದೇಶದಲ್ಲಿ ಕಾನೂನುಬದ್ಧವಾ ಅಂತ ಅವರು ನೋಡುವುದಿಲ್ಲ. ಅದನ್ನು ನೋಡುವವರು ಕಸ್ಟಮ್ಸ್‌ನವರು, ಅದೂ ಇಳಿದ ಮೇಲೆ. ಅಮೆರಿಕದಲ್ಲಿ ಏರ್‌ಪೋರ್ಟ್ ತಪಾಸಣೆ ಮಾಡುವ ಟಿಎಸ್‌ಎ ಸಂಸ್ಥೆ ಮಾತ್ರೆಗಳು ಮೂಲ ಬಾಟಲಿಯಲ್ಲೇ ಇರಬೇಕು ಅಂತ ಹಟ ಹಿಡಿಯುವುದಿಲ್ಲ, ನಿಜ. ಅದು ಸೆಕ್ಯುರಿಟಿ ಗೇಟಿನ ಮಾತು. ಅದನ್ನೇ ಯಾರೋ ಹಿಗ್ಗಿಸಿ "ಯಾವ ದೇಶದಲ್ಲೂ" ಅಂತ ಬರೆದಿದ್ದಾರೆ.

ಮೇಘಾ: ಜಪಾನ್ ನೋಡಿ. ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ ತೊಂದರೆಗೆ, ಅಮೆರಿಕದ ಡಾಕ್ಟರುಗಳು ದಿನವೂ ಬರೆದುಕೊಡುವ ಆಡರಾಲ್ ಅಲ್ಲಿಗೆ ಒಯ್ಯುವ ಹಾಗೇ ಇಲ್ಲ, ಚೀಟಿ ಇದ್ದರೂ ಇಲ್ಲ, ಯಾಕೆಂದರೆ ಅದು ಆಂಫೆಟಮಿನ್ ಅನ್ನುವ ಉತ್ತೇಜಕ. ಸೂಡೋಎಫೆಡ್ರಿನ್ 10%ಗಿಂತ ಜಾಸ್ತಿ ಇರುವ ನೆಗಡಿ ಮಾತ್ರೆಗೂ ನಿಷೇಧ ಇದೆ. ಮಾಮೂಲಿ ಪ್ರಿಸ್ಕ್ರಿಪ್ಷನ್ ಮಾತ್ರೆ ಕೂಡ ಒಂದು ತಿಂಗಳಿಗಿಂತ ಜಾಸ್ತಿ ಇದ್ದರೆ ಮೊದಲೇ ಪತ್ರ ತರಿಸಿಕೊಳ್ಳಬೇಕು.

ಕಿರಣ್: ಮೇಘಾ, ಹಾಗಾದರೆ ಆ ಎರಡು ಮಾತ್ರೆ ದುಬೈನಲ್ಲಿರುವ ನನಗೆ ಕೊರಿಯರ್ ಮಾಡಿಬಿಟ್ಟರೆ? ಅಪ್ಪ ಅಮ್ಮನಿಗೆ ಏರ್‌ಪೋರ್ಟ್‌ನಲ್ಲಿ ತಲೆನೋವೇ ಇರುವುದಿಲ್ಲ.

ಮೇಘಾ: ಬೇಡ ಕಿರಣಣ್ಣ, ಆಗ ಸಿಕ್ಕಿಹಾಕಿಕೊಳ್ಳುವವನು ನೀನು. 2015ರಲ್ಲಿ ಟೊಯೋಟಾ ಕಂಪನಿಯ ಹಿರಿಯ ಅಧಿಕಾರಿಯೊಬ್ಬರನ್ನು ಜಪಾನ್‌ನಲ್ಲಿ ಬಂಧಿಸಿದ್ದು ಪಾರ್ಸೆಲ್‌ನಲ್ಲಿ ಬಂದ ಆಕ್ಸಿಕೊಡೋನ್ ಅನ್ನುವ ನೋವಿನ ಮಾತ್ರೆಗಳಿಗಾಗಿ. ಕೊನೆಗೆ ಕೇಸ್ ಹಾಕದೆ ಬಿಟ್ಟರು, ಆದರೆ ಕೆಲಸ ಹೋಯಿತು.

ರಘು ಚಿಕ್ಕಪ್ಪ: ಇಷ್ಟೆಲ್ಲ ಯಾಕೆ? ಆ ಎರಡೂ ಮಾತ್ರೆ ಮನೆಯಲ್ಲೇ ಬಿಟ್ಟು ಹೋಗಲಿ. ಮಂಡಿ ನೋವಿಗೆ ಪ್ಯಾರಸಿಟಮಾಲ್ ಸಾಕು. ಅತ್ತಿಗೆಗೆ ನಾಲ್ಕು ದಿನ ನಿದ್ರೆ ಕಮ್ಮಿ ಆದರೆ ಏನಾಗುತ್ತದೆ?

ಮೇಘಾ: ಚಿಕ್ಕಪ್ಪ, ಕೈಮುಗಿದು ಹೇಳುತ್ತೇನೆ, ದೊಡ್ಡಮ್ಮನಿಗೆ ಈ ಮಾತು ಹೇಳಬೇಡಿ. ಆಲ್ಪ್ರಜೋಲಮ್ ಬಹಳ ಕಾಲದಿಂದ ತಗೊಳ್ಳುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು. ನಿದ್ರೆ ಹೋಗುವುದಷ್ಟೇ ಅಲ್ಲ. ಕೈಕಾಲು ನಡುಗುತ್ತದೆ, ಗಾಬರಿ ಏಳುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಟ್ರಮಡಾಲ್ ದಿನಾ ತಗೊಂಡು ಥಟ್ಟನೆ ಬಿಟ್ಟರೂ ಮೈ ಒದ್ದಾಡುತ್ತದೆ. ಪ್ರಮಾಣ ಇಳಿಸುವುದೋ ಮಾತ್ರೆ ಬದಲಿಸುವುದೋ ಡಾಕ್ಟರು ಹೇಳಬೇಕು, ಅದಕ್ಕೆ ವಾರಗಟ್ಟಲೆ ಸಮಯವೂ ಬೇಕು. ಔಷಧದ ಅಂಗಡಿಯಲ್ಲಿ ಕೂತು ನಾನು ದಿನಾ ನೋಡುತ್ತೇನೆ. ಪ್ರಯಾಣ ಅಂತ ಎಷ್ಟೋ ಜನ ತಾವೇ ಮಾತ್ರೆ ಬಿಟ್ಟುಬಿಡುತ್ತಾರೆ. ನನಗೆ ಅದೇ ಹೆಚ್ಚು ಭಯ.

ದೊಡ್ಡಮ್ಮ: ನಾನು ನಿಲ್ಲಿಸುವುದಿಲ್ಲಮ್ಮ. ಒಂದು ಸಲ ಎರಡು ದಿನ ಬಿಟ್ಟು ಸಾಕಾಗಿತ್ತು.

ರಘು ಚಿಕ್ಕಪ್ಪ: ಸರಿ, ಅದು ಡಾಕ್ಟರ್ ಹೇಳಲಿ. ಇನ್ಸುಲಿನ್ ವಿಷಯ ಮಾತ್ರ ನಾನು ಒಪ್ಪುವುದಿಲ್ಲ. ಲಗೇಜ್ ಇಡುವ ಜಾಗ ತಣ್ಣಗಿರುತ್ತದೆ, ಇನ್ಸುಲಿನ್‌ಗೆ ಅದೇ ಒಳ್ಳೆಯದಲ್ವಾ?

ಮೇಘಾ: ತಣ್ಣಗೆ ಇರಬೇಕು, ಹೆಪ್ಪುಗಟ್ಟಬಾರದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ಬಳಸುವ ಹಾಗಿಲ್ಲ. ನೋಡಲು ಮೊದಲಿನ ಹಾಗೇ ಕಾಣಬಹುದು, ಸಕ್ಕರೆ ಮಾತ್ರ ಇಳಿಯುವುದಿಲ್ಲ. ಲಗೇಜ್ ಜಾಗದ ಚಳಿ ನಮ್ಮ ಕೈಯಲ್ಲಿಲ್ಲ. ಬಿಸಿಲಲ್ಲಿ ಬ್ಯಾಗ್‌ಗಳು ಹೊರಗೆ ಬಿದ್ದಿರುವುದೂ ನಮ್ಮ ಕೈಯಲ್ಲಿಲ್ಲ. ಬ್ಯಾಗ್ ಬೇರೆ ಊರಿಗೆ ಹೋದರೆ ದೊಡ್ಡಪ್ಪ ಆ ರಾತ್ರಿ ಏನು ಚುಚ್ಚಿಕೊಳ್ಳಬೇಕು? ಈಗ ಬಳಸುತ್ತಿರುವ ಇನ್ಸುಲಿನ್ ಪೆನ್ ಹೊರಗಿನ ಮಾಮೂಲಿ ಉಷ್ಣತೆಯಲ್ಲಿ ಸಾಮಾನ್ಯವಾಗಿ 28 ದಿನ ಇರುತ್ತದೆ. ಕ್ಯಾಬಿನ್‌ನಲ್ಲಿ ಕೆಲವು ಗಂಟೆ ಇದ್ದರೆ ಏನೂ ಆಗುವುದಿಲ್ಲ.

ಶಾರದಾ ಅತ್ತೆ: ಆದರೆ ದ್ರವ 100 ಎಂಎಲ್‌ಗಿಂತ ಜಾಸ್ತಿ ಬಿಡುವುದಿಲ್ಲವಲ್ಲ ಮೇಘಾ?

ಮೇಘಾ: ಆ ನಿಯಮ 2006ರಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದದ್ದು ಅತ್ತೆ. ಪ್ರಯಾಣದಲ್ಲಿ ಬೇಕಾಗುವ ಔಷಧಕ್ಕೆ ಅದರಲ್ಲಿ ವಿನಾಯಿತಿ ಇದೆ. ಇನ್ಸುಲಿನ್ ಪೆನ್ ಅಂತೂ 3 ಎಂಎಲ್. ಬೇರೆ ಪೌಚ್‌ನಲ್ಲಿಟ್ಟು, ಸ್ಕ್ಯಾನರ್‌ಗೆ ಹಾಕುವ ಮೊದಲೇ "ಔಷಧ ಇದೆ" ಅಂತ ಹೇಳಿದರೆ ಆಯಿತು. ಸೂಜಿಗಳೂ ಇನ್ಸುಲಿನ್ ಜೊತೆಗೇ ಇರಲಿ. ಜೆಲ್ ಪ್ಯಾಕ್ ಇಟ್ಟುಕೊಳ್ಳಬಹುದು, ಆದರೆ ಪೆನ್‌ಗೆ ನೇರವಾಗಿ ತಾಗದ ಹಾಗೆ ಬಟ್ಟೆ ಸುತ್ತಿ. ದೊಡ್ಡಪ್ಪ, ಚುಚ್ಚಿಕೊಂಡ ಮೇಲೆ ಸೂಜಿ ಪೆನ್‌ನಲ್ಲೇ ಬಿಡಬೇಡಿ. ಮೇಲೆ ಒತ್ತಡ ಬದಲಾಗುತ್ತದೆ, ಒಳಗೆ ಗಾಳಿ ಗುಳ್ಳೆ ಸೇರಿದರೆ ಡೋಸ್ ತಪ್ಪುತ್ತದೆ.

ರಘು ಚಿಕ್ಕಪ್ಪ: ಒಂದು ಮಾತು ನೀನೂ ಕೇಳು. ಅಣ್ಣನಿಗೆ ಕಣ್ಣು ಮಂಜು. ಅಷ್ಟು ಸ್ಟ್ರಿಪ್ ಕೊಟ್ಟರೆ ಬೆಳಗಿನದು ರಾತ್ರಿ, ರಾತ್ರಿಯದು ಬೆಳಿಗ್ಗೆ ನುಂಗಿಬಿಡುತ್ತಾನೆ. ವಾರದ ಡಬ್ಬಿ ಮಾಡಿಕೊಟ್ಟದ್ದು ಅದಕ್ಕೇ. ಕಾನೂನು ಅಂತ ಅವನ ಅಭ್ಯಾಸ ತಪ್ಪಿಸಿದರೆ ಅದೂ ಅಪಾಯವೇ.

ಮೇಘಾ: ಈ ಮಾತು ಪೂರ್ತಿ ಸರಿ ಚಿಕ್ಕಪ್ಪ. ಡಬ್ಬಿ ಖಾಲಿ ಒಯ್ಯಲಿ. ಸ್ಟ್ರಿಪ್‌ಗಳು ಹೆಸರು, ತಾರೀಖು ಕಾಣುವ ಹಾಗೆ ಹ್ಯಾಂಡ್ ಬ್ಯಾಗ್‌ನಲ್ಲಿರಲಿ, ಕತ್ತರಿಸಬೇಡಿ. ಕಿರಣಣ್ಣನ ಮನೆ ತಲುಪಿದ ದಿನವೇ ಅವನು ಡಬ್ಬಿ ತುಂಬಿಕೊಡಲಿ. ದಾರಿಯಲ್ಲಿ ನುಂಗಬೇಕಾದ್ದು ಯಾವುದು, ಎಷ್ಟು ಗಂಟೆಗೆ ಅಂತ ದಪ್ಪ ಅಕ್ಷರದಲ್ಲಿ ಬರೆದು ದೊಡ್ಡಮ್ಮನ ಕೈಗೆ ಕೊಡುತ್ತೇನೆ.

ದೊಡ್ಡಪ್ಪ: ಮೇಘಾ, ಡಾಕ್ಟರ್ ಹತ್ತಿರ ಏನೇನು ಬರೆಸಬೇಕು?

ಮೇಘಾ: ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ಹೆಸರು. ಯಾವ ಕಾಯಿಲೆಗೆ, ಯಾವ ಔಷಧ, ದಿನಕ್ಕೆ ಎಷ್ಟು, ಒಟ್ಟು ಎಷ್ಟು ಒಯ್ಯುತ್ತಿದ್ದೀರಿ. ಕಂಪನಿ ಹೆಸರು ಸಾಲದು, ಮೂಲ ಔಷಧದ ಹೆಸರೂ ಇಂಗ್ಲಿಷ್‌ನಲ್ಲಿ ಬೇಕು. ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸಹಿ, ಸೀಲ್, ತಾರೀಖು ಮರೆಯಬೇಡಿ. ದೊಡ್ಡಮ್ಮನಿಗೆ ಬೇರೆಯೇ ಪತ್ರ. ಒಬ್ಬರ ಮಾತ್ರೆ ಇನ್ನೊಬ್ಬರ ಬ್ಯಾಗ್‌ನಲ್ಲಿ ಇರಬಾರದು.

ಶಾರದಾ ಅತ್ತೆ: ಮೇಲಿನ ಮೆಸೇಜ್ ತೆಗೆದೆ. ಭಜನೆ ಗುಂಪಿಗೂ ಹಾಕಿದ್ದೆ. ಅಲ್ಲಿ ಮೇಘಾ ಬರೆದದ್ದನ್ನೇ ಹಾಕುತ್ತೇನೆ.

ರಘು ಚಿಕ್ಕಪ್ಪ: ಬರೀ ಬಿಪಿ ಮಾತ್ರೆಗೆ ಇಷ್ಟು ಕಾಗದ ಬೇಕು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಅಣ್ಣ, ನಾಳೆ ಬೆಳಿಗ್ಗೆ ರೆಡಿ ಇರು, ಇಬ್ಬರನ್ನೂ ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.

ಕಿರಣ್: ಪತ್ರ ಸಿಕ್ಕಿದ ತಕ್ಷಣ ಫೋಟೋ ಕಳಿಸಿ ಅಪ್ಪ, ಪಾಸ್‌ಪೋರ್ಟ್ ಫೋಟೋ ಜೊತೆಗೆ. ಅನುಮತಿಯ ಅರ್ಜಿ ನಾನು ಹಾಕುತ್ತೇನೆ.

ಮೇಘಾ: ಅದನ್ನು ಈ ಗುಂಪಿಗೆ ಹಾಕಬೇಡಿ ದೊಡ್ಡಪ್ಪ, ಕಿರಣಣ್ಣನಿಗೆ ಮಾತ್ರ ಕಳಿಸಿ.