ಮೆಟಲ್ ಗಿಯರ್ ಸರಣಿಯನ್ನು ಯಾವ ಕ್ರಮದಲ್ಲಿ ಆಡಬೇಕು? ಆಡಿದವರ ಅನುಭವಗಳು

ಪ್ರಶ್ನೆ:
ಹಿಡಿಯೊ ಕೊಜಿಮಾ ರೂಪಿಸಿದ ಮೆಟಲ್ ಗಿಯರ್ ವಿಡಿಯೊ ಗೇಮ್ ಸರಣಿಯ ಒಂದು ಆಟವನ್ನೂ ನಾನು ಈವರೆಗೆ ಆಡಿಲ್ಲ. ಕಥೆಯ ಕಾಲಾನುಕ್ರಮವನ್ನು ಹಿಡಿದು, 1964ರಲ್ಲಿ ನಡೆಯುವ ಮೂರನೆಯ ಭಾಗದಿಂದಲೇ ಆರಂಭಿಸಬೇಕೆಂದು ಗೆಳೆಯರೊಬ್ಬರು ಹೇಳುತ್ತಾರೆ. ಬಿಡುಗಡೆಯಾದ ಕ್ರಮವೇ ಸರಿ ಎಂದು ಇನ್ನೊಬ್ಬರು ಪಟ್ಟು ಹಿಡಿದಿದ್ದಾರೆ. ನನ್ನ ಬಳಿ ಇರುವುದು ಪಿಸಿ ಮಾತ್ರ, ಬಿಡುವು ಸಿಗುವುದು ವಾರಾಂತ್ಯದಲ್ಲಿ ಮಾತ್ರ. ಎಲ್ಲವನ್ನೂ ಆಡಿದವರು ತಮ್ಮ ಅನುಭವವನ್ನು ತಿಳಿಸಬೇಕೆಂದು ವಿನಂತಿ. ಕಥೆಯ ಗುಟ್ಟುಗಳನ್ನು ದಯವಿಟ್ಟು ಬಿಟ್ಟುಕೊಡಬೇಡಿ.

ಉತ್ತರ 1:
ಬಿಡುಗಡೆಯಾದ ಕ್ರಮದಲ್ಲೇ ಆಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ 1987ರಿಂದ ಬೇಡ, 1998ರ ಮೆಟಲ್ ಗಿಯರ್ ಸಾಲಿಡ್‌ನಿಂದ ಆರಂಭಿಸಿ. ಅದಕ್ಕೂ ಹಿಂದಿನ ಎರಡು ಆಟಗಳು ಎಂಎಸ್‌ಎಕ್ಸ್2 ಎಂಬ ಹಳೆಯ ಕಂಪ್ಯೂಟರಿಗೆ ಬಂದವು. ಅವುಗಳ ಕಥಾಸಾರವನ್ನು 1998ರ ಆಟದ ಮೆನುವಿನಲ್ಲೇ ಓದಲು ಕೊಟ್ಟಿದ್ದಾರೆ. ಸದ್ಯಕ್ಕೆ ಅಷ್ಟು ಸಾಕು.

ಈ ಸರಣಿಯ ಪ್ರತಿಯೊಂದು ಭಾಗವನ್ನೂ ಹಿಂದಿನದನ್ನು ಆಡಿ ಮುಗಿಸಿದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಲಾಗಿದೆ. 1998ರ ಈ ಮೊದಲ ಭಾಗದಲ್ಲಿ ನಾಯಕ ಸಾಲಿಡ್ ಸ್ನೇಕ್ ಅಲಾಸ್ಕಾದ ಶ್ಯಾಡೋ ಮೋಸೆಸ್ ದ್ವೀಪಕ್ಕೆ ನುಸುಳುತ್ತಾನೆ. 2001ರಲ್ಲಿ ಬಂದ ಎರಡನೆಯ ಭಾಗ ಆ ಕಾರ್ಯಾಚರಣೆಯನ್ನು ಬೇಕೆಂದೇ ಹೆಜ್ಜೆ ಹೆಜ್ಜೆಗೂ ನೆನಪಿಸುತ್ತದೆ, ತಿರುಚುತ್ತದೆ, ಕೊನೆಗೆ ಅದನ್ನೇ ತನ್ನ ವಸ್ತುವನ್ನಾಗಿ ಮಾಡಿಕೊಳ್ಳುತ್ತದೆ. ಮೊದಲನೆಯದನ್ನು ಆಡದೆ ಅದಕ್ಕೆ ಕೈ ಹಾಕಿದವರಿಗೆ ಅದು ಅರ್ಥವಾಗದ ದೀರ್ಘ ಸಂಭಾಷಣೆಗಳ ಸರಮಾಲೆಯಾಗಿ ಮಾತ್ರ ಕಾಣುತ್ತದೆ. 2004ರ ಮೂರನೆಯ ಭಾಗವಂತೂ, ಮೊದಲ ಭಾಗದಲ್ಲಿ ನಾವು ಹೆಸರನ್ನಷ್ಟೇ ಕೇಳಿದ್ದ ವ್ಯಕ್ತಿಯೊಬ್ಬನ ಯೌವನವನ್ನು ತೋರಿಸುತ್ತದೆ. ಆತ ಮುಂದೆ ಏನಾಗುತ್ತಾನೆ ಎಂಬುದು ಗೊತ್ತಿದ್ದು ಸೋವಿಯತ್ ಕಾಡಿನಲ್ಲಿ ಅವನೊಂದಿಗೆ ಅಲೆದರೆ ಆಗುವ ಸಂಕಟವು, ಏನೂ ಗೊತ್ತಿಲ್ಲದೆ ಆಡಿದವರಿಗೆ ದಕ್ಕುವುದಿಲ್ಲ.

ಉತ್ತರ 2:
ಮೇಲಿನ ವಾದವನ್ನು ತಾತ್ವಿಕವಾಗಿ ಒಪ್ಪುತ್ತೇನೆ, ಆದರೆ ಹೊಸಬರ ಕೈಗೆ 1998ರ ಆಟವನ್ನು ಕೊಟ್ಟು ನೋಡಿದವನಾಗಿ ಒಂದು ತಕರಾರಿದೆ. ಇಂದಿನ ಆಟಗಳಿಗಷ್ಟೇ ಒಗ್ಗಿಕೊಂಡಿದ್ದ ನನ್ನ ಚಿಕ್ಕಪ್ಪನ ಮಗ, ಮೇಲಿನಿಂದ ನೋಡುವ ಆ ಕ್ಯಾಮೆರಾ ಮತ್ತು ಗುರಿಯಿಡಲು ಒಗ್ಗದ ಬಂದೂಕುಗಳಿಂದ ಬೇಸತ್ತು, ಕಥೆ ಬಿಗಿಯಾಗುವ ಮೊದಲೇ ಕೈಬಿಟ್ಟ. ಬಳಿಕ ಮೂರನೆಯ ಭಾಗವನ್ನು ಕೊಟ್ಟೆ. ಅದನ್ನು ಮುಗಿಸಿ, ತಾನಾಗಿಯೇ ಮೊದಲನೆಯದನ್ನು ಕೇಳಿ ಪಡೆದು ಆಡಿದ. 1964ರ ಕಥೆ ತನ್ನಷ್ಟಕ್ಕೆ ತಾನೇ ಪೂರ್ಣವಾಗಿದೆ. ಅದರ ಮರುರೂಪವಾದ ಸ್ನೇಕ್ ಈಟರ್ ಡೆಲ್ಟಾ 2025ರಲ್ಲಿ ಪಿಸಿಗೂ ಬಂದಿದ್ದು, ಇಂದಿನವರಿಗೆ ಒಗ್ಗುವ ಕಂಟ್ರೋಲ್‌ಗಳ ಆಯ್ಕೆ ಅದರಲ್ಲಿದೆ. ಆದ್ದರಿಂದ ಮೊದಲನೆಯದನ್ನು ಎರಡು ಸಂಜೆ ಆಡಿ ನೋಡಿ. ಹಿಡಿಸದಿದ್ದರೆ ಸಂಕೋಚಪಡದೆ ಮೂರಕ್ಕೆ ಹೋಗಿ, ನಂತರ ಒಂದಕ್ಕೆ ಮರಳಿ.

ಆದರೆ ಮೂರರಿಂದ ಆರಂಭಿಸಿದ ಮಾತ್ರಕ್ಕೆ ಕಾಲಾನುಕ್ರಮವನ್ನೇ ಮುಂದುವರಿಸಬೇಡಿ. ಹಾಗೆ ಹೋದರೆ 1974ರಲ್ಲಿ ನಡೆಯುವ ಪೀಸ್ ವಾಕರ್, 1975ರಲ್ಲಿ ನಡೆಯುವ ಗ್ರೌಂಡ್ ಜೀರೋಸ್ ಮತ್ತು 1984ರಲ್ಲಿ ನಡೆಯುವ ಫ್ಯಾಂಟಮ್ ಪೇನ್ ಮುಗಿದ ಮೇಲೆ ಮುಂದಿನ ಆಟವಾಗಿ ಎದುರಾಗುವುದು 1987ರಲ್ಲಿ ಬಿಡುಗಡೆಯಾದ ಎಂಎಸ್‌ಎಕ್ಸ್2 ಆಟ. ಕುದುರೆಯೇರಿ ಅಫ್ಘಾನಿಸ್ತಾನದ ಬಯಲಿನಲ್ಲಿ ಮನಬಂದಂತೆ ಸುತ್ತಿದ ಮರುದಿನವೇ, ನಾಲ್ಕು ದಿಕ್ಕಿಗಷ್ಟೇ ಚಲಿಸುವ ಪುಟ್ಟ ಬೊಂಬೆಯನ್ನು ನಡೆಸುವ ತಾಳ್ಮೆ ಯಾರಿಗಿರುತ್ತದೆ? ಕಾಲಾನುಕ್ರಮದ ಪಟ್ಟಿಯನ್ನು ಮುಂದಿಡುವವರಲ್ಲಿ ಬಹುತೇಕರು ಅದನ್ನು ತಮ್ಮ ಮೊದಲ ಸುತ್ತಿನಲ್ಲಿ ಅನುಸರಿಸಿದವರಲ್ಲ ಎಂಬುದು ನನ್ನ ಗುಮಾನಿ.

ಉತ್ತರ 3:
ಸಲಕರಣೆಯ ವಿಚಾರವನ್ನು ಯಾರೂ ಹೇಳಿಲ್ಲವಾದ್ದರಿಂದ ಕೆಲವು ಮಾತು. 2023ರಲ್ಲಿ ಬಂದ ಮಾಸ್ಟರ್ ಕಲೆಕ್ಷನ್‌ನ ಮೊದಲ ಸಂಪುಟದಲ್ಲಿ ಎಂಎಸ್‌ಎಕ್ಸ್2 ಆಟಗಳೆರಡೂ ಸಾಲಿಡ್‌ನ ಮೊದಲ ಮೂರು ಭಾಗಗಳೂ ಇವೆ; ಪಿಸಿಯಲ್ಲಿ ಅದೇ ಸುಲಭದ ದಾರಿ. ಕೀಬೋರ್ಡ್ ನೆಚ್ಚಿಕೊಳ್ಳದೆ ಒಂದು ಕಂಟ್ರೋಲರ್ ಹೊಂದಿಸಿಕೊಳ್ಳಿ. ಎರಡು ಮತ್ತು ಮೂರನೆಯ ಭಾಗಗಳನ್ನು ಮೂಲದಲ್ಲಿ, ಎಷ್ಟು ಬಲವಾಗಿ ಒತ್ತಿದಿರಿ ಎಂಬುದನ್ನೂ ಗುರುತಿಸುವ ಪ್ಲೇಸ್ಟೇಷನ್ 2 ಗುಂಡಿಗಳಿಗಾಗಿ ರೂಪಿಸಲಾಗಿತ್ತು. ಹಾಗಾಗಿ ಗುಂಡು ಹಾರಿಸದೆ ಬಂದೂಕನ್ನು ಕೆಳಗಿಳಿಸುವುದು ಹೇಗೆಂದು ಮೊದಲೇ ಅಭ್ಯಾಸ ಮಾಡಿಕೊಳ್ಳದಿದ್ದರೆ, ಸದ್ದಿಲ್ಲದೆ ದಾಟಿಹೋಗಬೇಕಾದ ಜಾಗದಲ್ಲಿ ಇಡೀ ಪಹರೆಯನ್ನು ಎಬ್ಬಿಸಿಬಿಡುತ್ತೀರಿ.

ಮೊದಲ ಭಾಗದಲ್ಲಿ ಒಂದು ಕಡೆ ರೇಡಿಯೋ ಸಂಖ್ಯೆಯೊಂದನ್ನು ಸಿ.ಡಿ. ಪೆಟ್ಟಿಗೆಯ ಹಿಂಬದಿಯಲ್ಲಿ ನೋಡಿಕೊಳ್ಳಲು ಹೇಳುತ್ತಾರೆ. ಆಟದೊಳಗೆ ಅಂಥ ಪೆಟ್ಟಿಗೆಯನ್ನು ಹುಡುಕುತ್ತಾ ಕೂರಬೇಡಿ. ಅವರು ಹೇಳುತ್ತಿರುವುದು 1998ರಲ್ಲಿ ಅಂಗಡಿಯಿಂದ ಕೊಂಡು ತಂದ ನಿಜವಾದ ಪೆಟ್ಟಿಗೆಯ ಬಗ್ಗೆ. ಇದು ಗುಟ್ಟು ಒಡೆದಂತಲ್ಲ ಎಂದು ಭಾವಿಸಿ ಹೇಳಿದ್ದೇನೆ.

ಉತ್ತರ 4:
ನಾಲ್ಕನೆಯ ಭಾಗ 2008ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಮಾತ್ರ ಬಂದದ್ದರಿಂದ ಅನೇಕರು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಏಕೆಂದರೆ ಹಿಂದಿನ ಮೂರರಲ್ಲಿ ಬಿಚ್ಚಿಟ್ಟ ಎಳೆಗಳನ್ನೆಲ್ಲ ಕಟ್ಟುವುದು ಅಲ್ಲಿಯೇ. ಅದರಲ್ಲಿ ಆಡುವುದಕ್ಕಿಂತ ನೋಡುವುದೇ ಹೆಚ್ಚು ಎಂಬ ದೂರು ನ್ಯಾಯವಾದದ್ದು. ಕೊನೆಯ ದೃಶ್ಯಗಳಿಗೇ ಒಂದು ಗಂಟೆಗಿಂತ ಹೆಚ್ಚು ಸಮಯ ಬೇಕಾದ್ದರಿಂದ ಭಾನುವಾರ ರಾತ್ರಿ ಹತ್ತರ ಮೇಲೆ ಅಂತಿಮ ಹೋರಾಟಕ್ಕೆ ಇಳಿಯಬೇಡಿ.

2013ರ ರೈಸಿಂಗ್ ಕತ್ತಿವರಸೆಯ ಬೇರೆಯೇ ಬಗೆಯ ಆಟ. ನಾಲ್ಕರ ನಂತರ ಯಾವಾಗ ಬೇಕಾದರೂ ಆಡಬಹುದು. ಫ್ಯಾಂಟಮ್ ಪೇನ್ ಆಡಲು ಇಡೀ ಸರಣಿಯಲ್ಲೇ ಅತ್ಯಂತ ಹಿತವಾದದ್ದು, ಕಥೆಯ ಮಟ್ಟಿಗೆ ಅಪೂರ್ಣವಾಗಿ ಉಳಿದದ್ದು. ಅದನ್ನು ಕೊನೆಗೆ ಇಟ್ಟುಕೊಳ್ಳಲು ಈ ಎರಡೂ ಕಾರಣಗಳು ಸಾಕು. ಅದಕ್ಕೆ ಮುನ್ನ ಪೀಸ್ ವಾಕರ್ ಅಗತ್ಯ. 2010ರಲ್ಲಿ ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿದು ಆಡುವ ಕನ್ಸೋಲಿಗೆ ಬಂದ ಆ ಆಟ, ಮರುವರ್ಷದ ಎಚ್‌ಡಿ ಸಂಗ್ರಹದ ಮೂಲಕ ಪ್ಲೇಸ್ಟೇಷನ್ 3ಕ್ಕೂ ಬಂತು. ಆದ್ದರಿಂದ ಪರಿಚಿತರಿಂದ ಆ ಕನ್ಸೋಲ್ ಕೆಲವು ವಾರಗಳಿಗೆ ಎರವಲು ಸಿಕ್ಕರೆ ನಾಲ್ಕನೆಯ ಭಾಗವನ್ನೂ ಪೀಸ್ ವಾಕರನ್ನೂ ಅದರಲ್ಲೇ ಒಟ್ಟಿಗೆ ಮುಗಿಸಿ, ಮರಳಿ ಪಿಸಿಯಲ್ಲಿ ಗ್ರೌಂಡ್ ಜೀರೋಸ್ ಆರಂಭಿಸಬಹುದು. ಅದರ ಮುಖ್ಯ ಕಾರ್ಯಾಚರಣೆ ಒಂದು ಶನಿವಾರ ಮಧ್ಯಾಹ್ನದೊಳಗೆ ಮುಗಿಯುತ್ತದೆ.